ಅತ್ತೆಯ ಬಂದೂಕು, ಅಳಿಯನ ವಕಾಲತ್ತು

ಅತ್ತೆಗೆ ಹೆದರದ ಅಳಿಯ ಎಲ್ಲಾದರೂ ಉಂಟೇ? ಎಲ್ಲರೂ ಹೆದರುತ್ತಾರೆ. ಆದರೆ ಗುಟ್ಟಾಗಿ ಹೆದರುತ್ತಾರೆ. ನಾನೊಬ್ಬ ಮಾತ್ರ ಜಿಲ್ಲಾಧಿಕಾರಿಗಳ ಸಹಿ, ಮೊಹರು, ಕ್ರಮಸಂಖ್ಯೆ ಸಮೇತ ಅಧಿಕೃತವಾಗಿ ಹೆದರಿದವನು! ಏಕೆಂದರೆ ನಮ್ಮ ಅತ್ತೆಯವರ ಬಳಿ ಬಂದೂಕು ಇತ್ತು. ಅದಕ್ಕೆ ಪರವಾನಗಿಯೂ ಇತ್ತು. ಆ ಪರವಾನಗಿಗಾಗಿ ಕನಕಪುರಕ್ಕೂ ರಾಮನಗರಕ್ಕೂ ಅಲೆದ ವಕೀಲ ಬೇರಾರೂ ಅಲ್ಲ, ನಾನೇ. ಸ್ವಂತ ಅತ್ತೆಯ ಕೈಗೆ ತಾನೇ ಓಡಾಡಿ ಬಂದೂಕು ಕೊಡಿಸಿದ ಅಳಿಯ ಈ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ದಯವಿಟ್ಟು ನನ್ನನ್ನು ಬಂದು ಕಾಣಲಿ. ಇಬ್ಬರೂ ಸೇರಿ ಒಂದು ಸಂಘ ಕಟ್ಟೋಣ.

ಅತ್ತೆಯವರ ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಗೊತ್ತಾಗುತ್ತದೆ. ಎತ್ತರದಲ್ಲಿ ಅವರು ನನ್ನ ಎದೆಯವರೆಗೆ ಬರುತ್ತಾರೆ. ಬಂದೂಕನ್ನು ನೆಟ್ಟಗೆ ನಿಲ್ಲಿಸಿದರೆ ಅದು ಅವರ ಮೂಗಿನವರೆಗೆ ಬರುತ್ತಿತ್ತು. ಊರು ಕೋಡಿಹಳ್ಳಿಯಿಂದ ಆಚೆ, ಕಾಡಿನ ಅಂಚಿಗೆ. ಅಂಚಿಗೆ ಎಂದರೆ ಹೊಲದ ಬದುವೇ ಕಾಡಿನ ಗಡಿ. ಬದುವಿನ ಈಚೆ ಇವರ ರಾಗಿ, ಆಚೆ ಸರ್ಕಾರದ ಆನೆ. ಮನೆಯಲ್ಲಿ ಮಗ, ಸೊಸೆ, ಮೊಮ್ಮಗ, ಮೂರು ಹಸು, ಒಂದು ಎಮ್ಮೆ. ಮಗ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಸೊಸೆ ರೇಷ್ಮೆಹುಳು ಸಾಕುತ್ತಾಳೆ. ಮಗಳನ್ನು ರಾಮನಗರದಲ್ಲಿ ಕರಿ ಕೋಟು ಹಾಕಿಕೊಂಡು ಅಫಿಡವಿಟ್ಟು ಬರೆದು ಬದುಕುವ ನನಗೆ ಕೊಟ್ಟಿದ್ದಾರೆ.

ಅತ್ತೆಯವರದು ಹಳೆಯ ಕಾಲದ ಮರ್ಯಾದೆ. ಅಳಿಯನ ಮುಖ ನೋಡಿ ಮಾತಾಡುವುದಿಲ್ಲ. ಬಾಗಿಲ ಮರೆಗೆ ನಿಂತು ನನ್ನ ಹೆಂಡತಿಗೆ ಹೇಳುತ್ತಾರೆ, ಅವಳು ನನಗೆ ಹೇಳಬೇಕು. "ಅಳಿಯಂದ್ರಿಗೆ ಇನ್ನೊಂದ್ ಮುದ್ದೆ ಬೇಕಾ ಕೇಳೇ." ಹೆಂಡತಿ ಹತ್ತಿರವಿಲ್ಲದಿದ್ದರೆ ಗೋಡೆಗೆ ಹೇಳುತ್ತಾರೆ. ಗೋಡೆಯೂ ಹತ್ತಿರವಿಲ್ಲದಿದ್ದರೆ ಎಮ್ಮೆಗೆ ಹೇಳುತ್ತಾರೆ. ಒಮ್ಮೆ ಹಿತ್ತಲಲ್ಲಿ "ಬಿಸ್ಲಲ್ ಯಾಕ್ ನಿಂತ್ಕಂಡದೆ, ಒಳಿಕ್ ಬರ್ಬಾರ್ದಾ" ಎಂದರು. ಯಾರಿಗೆ ಹೇಳಿದರೆಂದು ತಿಳಿಯದೆ ನಾನೂ ಎಮ್ಮೆಯೂ ಒಟ್ಟಿಗೆ ಹೊರಟೆವು. ಕೊಟ್ಟಿಗೆಯ ಬಾಗಿಲಲ್ಲಿ ಎಮ್ಮೆ ನನಗಿಂತ ಮುಂದೆ ಹೋಯಿತು. ಆಮೇಲೆ ಗೊತ್ತಾಯಿತು, ಕರೆದದ್ದು ಅದನ್ನೇ!

ಬಂದೂಕು ಮೊದಲು ನಮ್ಮ ಮಾವನವರ ಹೆಸರಿನಲ್ಲಿತ್ತು. ಒಂಟಿ ನಳಿಗೆಯದು. ಬೆಳೆ ರಕ್ಷಣೆಗೆಂದು ಸರ್ಕಾರ ಕೊಟ್ಟ ಪರವಾನಗಿ. ಮಾವನವರು ಎದೆನೋವಿನಿಂದ ತೀರಿಕೊಂಡ ಮೇಲೆ ಬಂದೂಕು ಪೊಲೀಸ್ ಠಾಣೆ ಸೇರಿತು. ಪರವಾನಗಿ ಇದ್ದವರು ಹೋದ ಮೇಲೆ ಬಂದೂಕು ಮನೆಯಲ್ಲಿ ಇರುವಂತಿಲ್ಲ, ಕಾನೂನು. ತಿಥಿ ಕಳೆದು ನೆಂಟರೆಲ್ಲ ಹೋದ ಮೇಲೆ ಜಗಲಿಯಲ್ಲಿ ಅದರ ಮಾತು ಬಂತು.

ನನ್ನ ಬಾಮೈದ ಕೈ ಮುಗಿದ. "ನಂಗ್ ಬ್ಯಾಡ ಬಾವ. ಶಿಫ್ಟ್ ಮುಗ್ಸ್‌ಕಂಡು ಬಂದು ಮಲೀಕಳಾದೋ, ಬಂದೂಕ ಕಾಯಾದೋ?"

"ಹಾಗಾದರೆ ಸರ್ಕಾರಕ್ಕೆ ಒಪ್ಪಿಸಿಬಿಡೋಣ" ಎಂದು ನಾನು ಎಲೆ ಅಡಿಕೆ ತಟ್ಟೆ ಎಳೆದುಕೊಂಡೆ. ಕೇಸು ಮುಗಿಯಿತು ಎಂಬಂತೆ.

ಬಾಗಿಲ ಮರೆಯಿಂದ ದನಿ ಬಂತು. "ಅಳಿಯಂದ್ರಿಗೆ ಹೇಳೇ, ಅದ್ನ ನನ್ ಹೆಸ್ರಿಗ್ ಮಾಡ್ಸೋಕೆ."

ನಾನು ನಕ್ಕೆ. ಜೀವನದಲ್ಲಿ ಹಲವು ಕಡೆ ನಗಬಾರದಾಗ ನಕ್ಕಿದ್ದೇನೆ, ನ್ಯಾಯಾಧೀಶರ ಎದುರೂ ನಕ್ಕಿದ್ದೇನೆ, ಆದರೆ ಅಷ್ಟು ದುಬಾರಿ ನಗೆ ಇನ್ನೊಂದಿಲ್ಲ. ನಕ್ಕು ಸುಮ್ಮನಿದ್ದೆನೇ? ಭಾಷಣ ಶುರುಮಾಡಿದೆ. "ಅತ್ತೆ, ಅದು ಜಮೀನಲ್ಲ, ಸತ್ತವರ ಹೆಸರಿಂದ ಪೌತಿ ಖಾತೆ ಮಾಡಿಸೋಕೆ. ಕೆಲವು ದೇಶಗಳಲ್ಲಿ ಬಂದೂಕು ಇಟ್ಟುಕೊಳ್ಳುವುದು ಪ್ರಜೆಯ ಹಕ್ಕು ಅಂತ ಸಂವಿಧಾನದಲ್ಲೇ ಬರೆದಿದ್ದಾರೆ. ನಮ್ಮಲ್ಲಿ ಅದು ಹಕ್ಕಲ್ಲ, ಅನುಮತಿ. ಮಾವನವರಿಗೆ ಕೊಟ್ಟ ಅನುಮತಿ ಮಾವನವರ ಜೊತೆಗೇ ಹೋಯಿತು. ನಿಮಗೆ ಬೇಕಾದರೆ ಹೊಸದಾಗಿ ಕೇಳಬೇಕು. ಯಾಕೆ ಬೇಕು ಅಂತ ಕಾರಣ ಕೊಡಬೇಕು."

"ಕಾರ್ಣ ತಾನೆ? ಹೊಲುಕ್ ಬತ್ತದಲ್ಲ, ದೊಡ್ಡುದು. ಅದ್ಕೆ ಯಾರ್ ಅನ್ಮತಿ ಕೊಟ್ಟವ್ರಂತೆ? ಕೇಳೇ."

"ಆನೆಗೆ ಹೊಡೆಯೋ ಹಾಗಿಲ್ಲ ಅತ್ತೆ. ಜೈಲು! ಹಂದಿಗೂ ಅರಣ್ಯ ಇಲಾಖೆಯವರನ್ನು ಕೇಳದೆ ಹೊಡೆಯೋ ಹಾಗಿಲ್ಲ."

"ಹೊಡ್ಯೋರ್ ಯಾರು? ಸದ್ ಮಾಡಾಕೆ. ಅವ್ರೂ ಮೂವತ್ ವರ್ಸ ಬರೀ ಸದ್ದೇ ಮಾಡುದ್ದು. ಒಂದ್ ಜೀವ ತಗೀನಿಲ್ಲ."

"ಸದ್ದಿಗೆ ಪಟಾಕಿ ಸಾಲದೇ?"

"ಪಟಾಕಿಗೆ ಅವು ಈಗ ತಲೇನೂ ಎತ್ತಾಕಿಲ್ಲ. ಪಟಾಕಿಗ್ ಹೆದ್ರೋರು ಅಳಿಯಂದ್ರೊಬ್ರೇ."

ಜಗಲಿಯಲ್ಲಿ ಎಲ್ಲರೂ ನಕ್ಕರು. ಮದುವೆಯಾದ ಮೊದಲ ವರ್ಷದ ದೀಪಾವಳಿಗೆ ನಾನು ರೇಷ್ಮೆಯ ಹುಳುಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡದ್ದು ಆ ಮನೆಯಲ್ಲಿ ಯಾರಿಗೂ ಮರೆತಿರಲಿಲ್ಲ.

ಸರಿ, ಅರ್ಜಿ ಬರೆಯಲು ಕೂತೆ. ಅತ್ತೆಯ ಎದುರು ಹೋದ ಮಾನವನ್ನು ಕಾಗದದ ಮೇಲಾದರೂ ಗಳಿಸಬೇಕಲ್ಲ! ನಾಲ್ಕು ಪುಟ ಬರೆದೆ. ಜೀವಿಸುವ ಹಕ್ಕು, ಕೃಷಿಕ ಮಹಿಳೆಯ ಸ್ವಾವಲಂಬನೆ, ವನ್ಯಜೀವಿ ಮತ್ತು ಮಾನವ ಸಂಘರ್ಷದ ಇತಿಹಾಸ ಎಲ್ಲವೂ ಇತ್ತು. ಓದಿ ಹೇಳಿದೆ. ಅತ್ತೆಯವರು ಬಾಗಿಲ ಮರೆಯಲ್ಲಿ ಪೂರ್ತಿ ಕೇಳಿಸಿಕೊಂಡು ಮಗಳನ್ನು ಕೇಳಿದರು. "ಇದ್ರಲ್ಲಿ ನಮ್ ರಾಗಿ ವಿಚಾರ ಎಲ್ ಬತ್ತದೆ?"

ಬಂದಿರಲಿಲ್ಲ. ಮರೆತುಬಿಟ್ಟಿದ್ದೆ.

ಆಮೇಲೆ ಪೊಲೀಸಿನವರು ವಿಚಾರಣೆಗೆ ಬಂದರು. ಅರ್ಜಿದಾರರ ನಡತೆ ಹೇಗೆ ಎಂದು ನೆರೆಹೊರೆಯಲ್ಲಿ ಕೇಳುವುದು ಪದ್ಧತಿ. ಪಕ್ಕದ ಹೊಲದಾಕೆಗೂ ಅತ್ತೆಗೂ ಬದುವಿನ ಜಗಳವಾಗಿ ಹತ್ತು ವರ್ಷದಿಂದ ಮಾತಿಲ್ಲ. ಪೊಲೀಸಿನವರು ನೇರ ಆಕೆಯ ಮನೆಗೇ ಹೋದರು! ಇನ್ನು ಮುಗಿಯಿತು ಎಂದುಕೊಂಡು ನಾನು ಒಳಗೊಳಗೇ ಖುಷಿಪಟ್ಟೆ. ಆಕೆ ಸೊಂಟಕ್ಕೆ ಕೈಯಿಟ್ಟು ಹೇಳಿದರು. "ನಂಗೂ ಅವ್ಳ್ಗೂ ಮಾತಿಲ್ಲ ಸಾ. ಆದ್ರೂ ಮೊದ್ಲು ಅವ್ಳ್ಗೆ ಬಂದೂಕ ಕೊಡಿ. ಅವ್ಳ್ ಹೊಲ್ದಲ್ಲಿ ಓಡಿಸ್‌ನಿಲ್ಲ ಅಂದ್ರೆ ಅವು ಸೀದಾ ಬರಾದು ನಮ್ ಹೊಲುಕ್ಕೇ!"

ಮುಂದಿನದು ವೈದ್ಯಕೀಯ ಪ್ರಮಾಣಪತ್ರ. ಮನಸ್ಸು ಸ್ಥಿಮಿತದಲ್ಲಿದೆಯೇ ಎಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರು ನೋಡಬೇಕು. ಕರೆದುಕೊಂಡು ಹೋದೆ.

"ಕೋಪ ಬರುತ್ತಾ ಅಮ್ಮ?" ಡಾಕ್ಟರು ಕೇಳಿದರು.

"ಬತ್ತದೆ."

"ಯಾರ ಮೇಲೆ?"

ಅತ್ತೆಯವರು ಸೆರಗು ಸರಿಮಾಡಿಕೊಂಡು ಗೋಡೆ ನೋಡಿದರು. "ಅಳಿಯಂದ್ರ ಮುಂದ್ಗಡೆ ಹೆಂಗ್ ಹೇಳಾದು?"

ಡಾಕ್ಟರು ನನ್ನನ್ನು ಹೊರಗೆ ಕೂರಲು ಹೇಳಿದರು. ಐದು ನಿಮಿಷದ ಮೇಲೆ ಒಳಗಿನಿಂದ ಇಬ್ಬರೂ ನಗುವ ಸದ್ದು ಕೇಳಿಸಿತು. ಪ್ರಮಾಣಪತ್ರ ಸಿಕ್ಕಿತು. ಒಳಗೆ ಏನು ಹೇಳಿದರೋ ಇವತ್ತಿಗೂ ಗೊತ್ತಿಲ್ಲ. ಆ ಡಾಕ್ಟರು ಮಾತ್ರ ಈಗಲೂ ಎಲ್ಲಿ ಸಿಕ್ಕರೂ ನನ್ನನ್ನು ಕಂಡು ನಗುತ್ತಾರೆ.

ಬಂದೂಕು ಹಿಡಿಯುವ ತರಬೇತಿಯೂ ಆಗಬೇಕಿತ್ತು. ತರಬೇತಿಯ ಮೈದಾನದಲ್ಲಿ ಒಬ್ಬ ಮನುಷ್ಯನ ಆಕಾರ ಬರೆದ ಹಲಗೆ ನಿಲ್ಲಿಸಿದ್ದರು. "ಎದೆ ನೋಡಿ ಹೊಡೀರಿ ಅಮ್ಮ" ಎಂದರು ತರಬೇತುದಾರರು. ಅತ್ತೆಯವರು ಬಂದೂಕನ್ನು ಕೆಳಗಿಳಿಸಿದರು. "ಮನ್ಸಂಗ್ ಹೊಡ್ಯಾಕೆ ಬಂದಿಲ್ಲ ಕಣಪ್ಪ ನಾನು. ಅದ್ನ ತಗ್ದ್ ಆಚೆಗ್ ಮಡಗು." ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಹಲಗೆಯನ್ನು ತಿರುಗಿಸಿ, ಖಾಲಿ ಬೆನ್ನಿಗೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದರು. ಅತ್ತೆಯವರು ಹೊಡೆದರು. ಸೊನ್ನೆಗೆ ಬಿತ್ತೋ ಇಲ್ಲವೋ ನಾನು ನೋಡಲಿಲ್ಲ. ಸದ್ದು ಕೇಳಿದ ಕೂಡಲೇ ನಾನು ಫೈಲಿನ ಸಮೇತ ನೆಲಕ್ಕೆ ಬಿದ್ದಿದ್ದೆ. ತರಬೇತುದಾರರು ಮೊದಲು ಓಡಿಬಂದದ್ದು ನನ್ನ ಹತ್ತಿರ. "ಗುಂಡು ಆ ಕಡೆ ಹೋಯ್ತು ಸಾರ್, ನೀವ್ಯಾಕೆ ಬಿದ್ರಿ?"

ಕಡೆಗೆ ರಾಮನಗರದಲ್ಲಿ ಜಿಲ್ಲಾಧಿಕಾರಿಗಳ ಎದುರು ನಿಂತೆವು. ಕರಿ ಕೋಟು ಇಸ್ತ್ರಿ ಮಾಡಿಸಿದ್ದೆ. ನನ್ನ ನಾಲ್ಕು ಪುಟ (ಈಗ ರಾಗಿ ಸೇರಿ ಐದಾಗಿತ್ತು) ಅವರ ಮೇಜಿನ ಮೇಲಿತ್ತು. ಗಂಟಲು ಸರಿಮಾಡಿಕೊಂಡು "ಮಾನ್ಯರೇ" ಎಂದೆ. ಅವರು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿ ಅತ್ತೆಯವರನ್ನೇ ಕೇಳಿದರು.

"ಆನೆಗೆ ಗುಂಡು ತಾಗಿದರೆ ಏನಾಗುತ್ತೆ ಗೊತ್ತಾ ಅಮ್ಮ?"

"ಗೊತ್ತು ಸ್ವಾಮಿ. ಅದ್ಕೂ ನೋವಾಯ್ತದೆ, ನಂಗೂ ಜೈಲಾಯ್ತದೆ. ಮೋಡ ನೋಡ್ ಹೊಡೀತೀನಿ."

"ಬೇರೆಯವರು ಒಂದು ದಿನಕ್ಕೆ ಕೊಡಿ ಅಂತ ಕೇಳಿದರೆ?"

"ಮಂಗ್ಳಸೂತ್ರವ ಯಾರಾದ್ರೂ ಒಂದ್ ದಿನುಕ್ ಅಂತ ಕೊಟ್ಟಾರಾ ಸ್ವಾಮಿ?"

ಅಷ್ಟೇ. ಅಧಿಕಾರಿಗಳು ಫೈಲಿನ ಮೇಲೆ ಏನೋ ಬರೆದರು. ಪರವಾನಗಿ ಬಂತು. ನನ್ನ ಐದು ಪುಟಗಳನ್ನು ಅವರು ತೆರೆದದ್ದನ್ನು ನಾನಂತೂ ನೋಡಲಿಲ್ಲ.

ಬಂದೂಕು ಮನೆಗೆ ಬಂದ ಮೇಲೆ ನನ್ನ ಕಷ್ಟ ಹೆಚ್ಚಿತು. ಅತ್ತೆಯವರು ಪರವಾನಗಿಯ ಷರತ್ತುಗಳನ್ನೆಲ್ಲ ಮಗಳ ಕೈಲಿ ಓದಿಸಿ ಬಾಯಿಪಾಠ ಮಾಡಿಬಿಟ್ಟರು. ನಾನು ಕಾನೂನು ಕಾಲೇಜಿನಲ್ಲಿ ಓದಿದ್ದನ್ನು ಪರೀಕ್ಷೆಯ ಸಂಜೆಯೇ ಮರೆತವನು. ಒಂದು ಭಾನುವಾರ ಅವರು ಹಸು ಕಟ್ಟಲು ಹೋಗಿದ್ದರು. ಬಂದೂಕು ನಡುಮನೆಯ ಬೀರುವಿನಲ್ಲಿತ್ತು, ಬೀರುವಿನ ಬಾಗಿಲು ತೆರೆದಿತ್ತು, ಸೊಸೆ ಏನೋ ತೆಗೆಯುತ್ತಿದ್ದಳು. ನನ್ನೊಳಗಿನ ವೀರ ಎಚ್ಚರಗೊಂಡ. ಒಂದು ಫೋಟೊ! ಬಂದೂಕು ಹಿಡಿದು, ಮೀಸೆ ಮೇಲೆ ಕೈಯಿಟ್ಟು! ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದರೆ ಬಾರ್ ಅಸೋಸಿಯೇಷನ್ನಿನಲ್ಲಿ ನನ್ನ ಗೌರವ ಎಲ್ಲಿಗೆ ಏರೀತು! ಕೈ ಚಾಚಿದೆ.

"ಮುಟ್ಬ್ಯಾಡಿ ಅಂತ ಹೇಳೇ!" ಹಿತ್ತಲ ಬಾಗಿಲಲ್ಲಿ ಅತ್ತೆಯವರು ನಿಂತಿದ್ದರು. "ಲೈಸೆನ್ಸ್ ಯಾರ್ ಹೆಸ್ರಲ್ಲದೆ ಕೇಳೇ. ವಕೀಲ್ರೇ ಹಿಂಗ್ ಮಾಡುದ್ರೆ ಕಕ್ಷಿದಾರ್ರು ಏನ್ ಕಲೀತಾರೆ?"

ನಾನು ಚಾಚಿದ ಕೈಯಿಂದ ಹಾಗೇ ತಲೆ ಕೆರೆದುಕೊಂಡೆ. ಮುಂದಿನ ತಿಂಗಳು ಅವರು ಯಾವುದೋ ಮದುವೆಗೆಂದು ಚನ್ನಪಟ್ಟಣಕ್ಕೆ ಹೋಗಿ ಬಂದರು. ಹೆಂಡತಿ ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟಳು. "ಅವ್ವ ನಿಮಗೆ ಅಂತ ತಂದಿದ್ದಾಳೆ." ಬಿಚ್ಚಿದರೆ ಅರಗಿನ ಬಣ್ಣ ಹಾಕಿದ ಮರದ ಬಂದೂಕು! ಕೆಂಪು ಹಿಡಿ, ಹಳದಿ ನಳಿಗೆ. ಬಾಗಿಲ ಮರೆಯಿಂದ ದನಿ: "ಅದ್ಕ್ ಲೈಸೆನ್ಸ್ ಬ್ಯಾಡ್ವಂತೆ. ಅಂಗ್ಡಿಯವ್ರನ್ನ ಕೇಳ್ಕಂಡೇ ತಂದೆ." ಫೋಟೊ ತೆಗೆಸಿಕೊಂಡೆ, ಯಾಕೆ ಬಿಡಲಿ? ನನ್ನ ಕಕ್ಷಿದಾರರಲ್ಲಿ ಅರ್ಧ ಜನ ಮೆಚ್ಚಿಕೊಂಡರು. ಉಳಿದರ್ಧ ಜನ ಬೇರೆ ವಕೀಲರನ್ನು ನೋಡಿಕೊಂಡರು.

ಚುನಾವಣೆ ಬಂತೆಂದರೆ ಪರವಾನಗಿ ಇರುವ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ವಾಪಸ್ಸು ತರಬೇಕು. ಊರಿನ ಇತರರು ಪೊಲೀಸರು ಎರಡು ಸಲ ಹೇಳಿಕಳಿಸುವವರೆಗೆ ಸುಮ್ಮನಿರುತ್ತಿದ್ದರು. ನಮ್ಮ ಅತ್ತೆಯವರು ಟೀವಿಯಲ್ಲಿ ಚುನಾವಣೆಯ ಸುದ್ದಿ ಕೇಳಿದ ಮರುದಿನವೇ ಹೊರಡುತ್ತಿದ್ದರು. ಒಂದು ಸಲ ಬಸ್ಸು ತಪ್ಪಿ ನನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಬೇಕಾಯಿತು. ಮುಂದೆ ನಾನು. ಹಿಂದೆ ಹಳೆಯ ಸೀರೆಯಲ್ಲಿ ಸುತ್ತಿದ ಬಂದೂಕನ್ನು ಮಗುವಿನಂತೆ ಅವುಚಿಕೊಂಡ ಅತ್ತೆ. ಸೀರೆಯ ತುದಿಯಿಂದ ನಳಿಗೆ ಇಣುಕುತ್ತಿತ್ತು. ದಾರಿಯುದ್ದಕ್ಕೂ ಜನ ನನ್ನನ್ನು ಕನಿಕರದಿಂದ ನೋಡಿದರು. ಅತ್ತೆ ಅಳಿಯನನ್ನು ಹಿಡಿದುಕೊಂಡು ಹೋಗುತ್ತಿದ್ದಾರೆ ಎಂದುಕೊಂಡರೋ ಏನೋ!

ಚೆಕ್‌ಪೋಸ್ಟಿನ ಬಳಿ ಪೊಲೀಸರು ನಿಲ್ಲಿಸಿದರು. "ಏನಮ್ಮ ಅದು?"

"ಬಂದೂಕ. ಸ್ಟೇಸನ್ನಿಗ್ ಕೊಡಾಕ್ ಹೊಂಟಿದೀನಿ." ಅತ್ತೆಯವರು ಮಡಿಲಿಂದ ಪ್ಲಾಸ್ಟಿಕ್ ಚೀಲ ತೆಗೆದು ಪರವಾನಗಿ, ಆಧಾರ್ ಕಾರ್ಡು, ಹಳೆಯ ರಸೀದಿ ಒಂದೊಂದಾಗಿ ಕೊಟ್ಟರು. ಪೊಲೀಸಿನವರು ಎಲ್ಲ ನೋಡಿ ಅವರಿಗೆ ನಮಸ್ಕಾರವನ್ನೇ ಮಾಡಿದರು. ನಾನು ಹೆಮ್ಮೆಯಿಂದ ಬೀಗಿದೆ. "ನಾನೇ ಇವರ ವಕೀಲ" ಎಂದೆ. ಹೇಳದಿದ್ದರೆ ಆಗುತ್ತಿತ್ತು.

"ಹೌದಾ ಸಾರ್? ಎಲ್ಲಿ, ನಿಮ್ಮ ಡಿಎಲ್ ತೋರಿಸಿ."

ತೋರಿಸಿದೆ. ಅವಧಿ ಮುಗಿದು ಎಂಟು ತಿಂಗಳಾಗಿತ್ತು.

ಅಂದರೆ ಆ ಸ್ಕೂಟರಿನ ಮೇಲಿದ್ದ ಇಬ್ಬರಲ್ಲಿ ಬಂದೂಕು ಹಿಡಿದವರು ಕಾನೂನುಬದ್ಧರು. ಕರಿ ಕೋಟು ಹಾಕಿದವನು ಅಪರಾಧಿ! ಸ್ಕೂಟರನ್ನು ಅಲ್ಲೇ ಬಿಟ್ಟು ಆಟೋ ಹಿಡಿದೆವು. ಆಟೋದಲ್ಲಿ ಗೋಡೆಯಿಲ್ಲ, ಎಮ್ಮೆಯಿಲ್ಲ. ಅತ್ತೆಯವರು ಆಟೋದವನ ಬೆನ್ನಿಗೆ ಹೇಳಿದರು. "ನೀನಾದ್ರೂ ರಿನೀವಲ್ ಮಾಡ್ಸಿದೀಯ ತಾನೆ ಕಣಪ್ಪ?"

ಇಷ್ಟೆಲ್ಲ ಆದರೂ ಆ ಬಂದೂಕಿನ ಸದ್ದಿಗೆ ಒಂದು ಬೆಲೆಯಿದೆ ಎಂದು ನನಗೆ ತಿಳಿದದ್ದು ರಾಗಿ ಕೊಯ್ಲಿನ ಕಾಲದಲ್ಲಿ. ರಜೆಯಿತ್ತು, ಊರಿಗೆ ಹೋಗಿದ್ದೆ. ಸಂಜೆ, ಬಿಸಿಲು ಇನ್ನೂ ಬಂಡೆಯ ಮೇಲಿತ್ತು. ಕೊಯ್ದ ರಾಗಿ ಒಂದು ಕಡೆ, ಕೊಯ್ಯಬೇಕಾದದ್ದು ಇನ್ನೊಂದು ಕಡೆ. ಮನೆಯಲ್ಲಿ ಸಿಗ್ನಲ್ಲು ಸಿಗುವುದಿಲ್ಲವೆಂದು ಹೊಲದ ಕೊನೆಯ ಬದುವಿನ ಮೇಲೆ ನಿಂತು, ಕಾಡಿಗೆ ಬೆನ್ನು ಹಾಕಿ, ಮಾಗಡಿಯ ಒಬ್ಬ ಕಕ್ಷಿದಾರನಿಗೆ ಧೈರ್ಯ ಹೇಳುತ್ತಿದ್ದೆ. "ನಾನಿರುವಾಗ ನೀವು ಯಾರಿಗೂ ಹೆದರಬೇಕಾಗಿಲ್ಲ" ಎಂದದ್ದು ಚೆನ್ನಾಗಿ ನೆನಪಿದೆ.

"ಸಾರ್, ಹಿಂದ್ಗಡೆ ಏನೋ ಮುರುದ್ ಸದ್ದು" ಎಂದ ಅವನು ಫೋನಿನಲ್ಲೇ.

ತಿರುಗಿದೆ. ಆನೆ. ಹತ್ತು ಮಾರು ದೂರದಲ್ಲಿ. ಒಂಟಿ ಆನೆ. ಬಾಯಲ್ಲಿ ಒಂದು ಕಂತೆ ರಾಗಿ, ಕಿವಿ ನೆಟ್ಟಗೆ.

ಓಡಬೇಕು ಎಂದು ನೀವು ಹೇಳುವಿರಿ. ನನಗೂ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ನಾನು ಮಾಡಿದ್ದೇನು ಗೊತ್ತೇ? ಎರಡೂ ಕೈ ಜೋಡಿಸಿ "ನಮಸ್ಕಾರ" ಎಂದೆ. ಅದು ಒಂದು ಹೆಜ್ಜೆ ಮುಂದಿಟ್ಟಿತು. ಇನ್ನೊಂದು ಹೆಜ್ಜೆ. ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ನಿಜವಾಗಿ ಬಂತು, ತಮಾಷೆಗೆ ಹೇಳುತ್ತಿಲ್ಲ.

ಆಗ ಅತ್ತೆಯವರು ಬೆಳೆ ಕಾಯಲು ಕೂತಿದ್ದ ಅಟ್ಟಣೆಯ ಕಡೆಯಿಂದ ಕೂಗು ಬಂತು. "ಲೇ ಮಂಕು ಮುಂಡೇದೇ! ಕೂತ್ಕಳ್ಲಾ ಕೆಳೀಕೆ!"

ಕೂತೆನೋ ಬಿದ್ದೆನೋ, ಮುಖ ರಾಗಿ ಕೂಳೆಯೊಳಗಿತ್ತು. ಢಂ ಎಂದು ಆಕಾಶ ಬಿರಿಯಿತು. ಗುಡ್ಡದಿಂದ ಗುಡ್ಡಕ್ಕೆ ಸದ್ದು ಉರುಳಿತು. ನಾನು ತಲೆಯೆತ್ತಿದಾಗ ಆನೆ ತಿರುಗಿ, ಏನೂ ಅವಸರವಿಲ್ಲದವರಂತೆ, ಆದರೂ ಬೇಗ ಬೇಗ, ಮರಗಳ ನಡುವೆ ಹೋಗುತ್ತಿತ್ತು. ಬಾಯಲ್ಲಿದ್ದ ಕಂತೆಯನ್ನು ಮಾತ್ರ ಬಿಟ್ಟಿರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಫೋನಿನಿಂದ ಕಕ್ಷಿದಾರ ಕೇಳುತ್ತಿದ್ದ. "ಸಾರ್, ನನ್ ಕೇಸು ನಿಲ್ತದಾ?"

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. "ಅಳಿಯಂದ್ರಿಗೆ ಹೇಳೇ, ನೆನ್ನೆ ಬಾಯ್ ತಪ್ಪಿ ಒಸಿ ಏನೋ ಅಂದ್ಬುಟ್ಟೆ. ಮನ್ಸಿಗ್ ಹಾಕಬಾರ್ದು."

"ಏನಂದೆ ಅವ್ವ?" ನನ್ನ ಹೆಂಡತಿಗೆ ಕುತೂಹಲ.

ಬಾಗಿಲ ಮರೆಯಲ್ಲಿ ಮತ್ತೆ ಬಳೆ ಸದ್ದಾಯಿತು. "ನಮ್ಮೆಮ್ಮೆ ಹೊಲುಕ್ ನುಗ್ಗ್ಬುಟ್ಟದೆ ಅಂತ ತಿಳ್ಕಂಡಿದ್ದೆ." ಆಮೇಲೆ ದನಿ ತಗ್ಗಿತು. "ಇನ್ನೊಂದ್ ಕೇಳೇ. ಲೈಸೆನ್ಸ್ ಕೊಟ್ಟಿರಾದು ಬೆಳೆ ಕಾಯಾಕೆ. ಅಳಿಯನ್ ಕಾಯಾಕೆ ಹಾರ್ಸಿದ್ರೆ ತೆಪ್ಪಾಯ್ತದಾ?"

ರಾತ್ರಿಯೆಲ್ಲ ಅದೇ ಯೋಚನೆಯಲ್ಲಿದ್ದರಂತೆ! ನಾನು ದೋಸೆ ಬದಿಗಿಟ್ಟು ಗಂಭೀರವಾಗಿ ಹೇಳಿದೆ. "ಇಲ್ಲ ಅತ್ತೆ. ಅಳಿಯ ಬೆಳೆಯ ಮಧ್ಯದಲ್ಲೇ ನಿಂತಿದ್ದ. ಬೆಳೆಯ ಭಾಗ ಅಂತಲೇ ಲೆಕ್ಕ." ನನ್ನ ವೃತ್ತಿಜೀವನದಲ್ಲಿ ಎದುರು ಪಕ್ಷದವರು ಪೂರ್ತಿ ಒಪ್ಪಿದ ವಾದ ಇದೊಂದೇ.

ಐದು ವರ್ಷವಾಯಿತು. ಪರವಾನಗಿಯ ನವೀಕರಣದ ಕಾಲ ಬಂತು. ಮತ್ತೆ ಅರ್ಜಿ, ಮತ್ತೆ ಆಸ್ಪತ್ರೆ. ಈ ಸಲ ಕಣ್ಣಿನ ಪರೀಕ್ಷೆ. ಗೋಡೆಯ ಮೇಲೆ ಕನ್ನಡ ಅಕ್ಷರಗಳ ಹಲಗೆ. ಅತ್ತೆಯವರಿಗೆ ಓದು ಬರುವುದು ಅಷ್ಟಕ್ಕಷ್ಟೆ, ಆದರೆ ಅಕ್ಷರ ಗುರುತಿಸುತ್ತಾರೆ. ಮೇಲಿನ ಎರಡು ಸಾಲು ಹೇಳಿದರು. ಮೂರನೆಯದಕ್ಕೆ ನಿಂತರು. ಹಿಂದೆ ನಿಂತಿದ್ದ ನಾನು ಮೆಲ್ಲಗೆ ಪಿಸುಗುಟ್ಟಿದೆ. "ಬ... ಲ... ಮ..." ಡಾಕ್ಟರು ತಪ್ಪು ಎಂಬಂತೆ ತಲೆಯಾಡಿಸಿದರು.

"ಅಳಿಯಂದ್ರಿಗೂ ಒಂದ್ಸಲಿ ಕಣ್ ನೋಡಿ ಡಾಕ್ಟ್ರೇ" ಎಂದರು ಅತ್ತೆ. ಅಲ್ಲಿ ಇದ್ದದ್ದು "ಬ ಲ ಪ" ಅಂತೆ.

ಡಾಕ್ಟರು ನಗುತ್ತಾ, ಅತ್ತೆಯವರ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆ, ಆಮೇಲೆ ಪ್ರಮಾಣಪತ್ರ ಕೊಡುತ್ತೇನೆ ಎಂದರು. ನಾನು ತಲೆಯಾಡಿಸಿದೆ. ಅತ್ತೆಯವರು ಮಾತ್ರ ಬಲಗೈಯನ್ನು ಮೇಜಿನ ಮೇಲಕ್ಕೆ ಚಾಚಿದರು. "ಕಣ್ಗ್ ಆಪ್ರೇಸನ್ ಸರಿ. ಇದ್ಕೆ?" ಬೆರಳುಗಳು ನಡುಗುತ್ತಿದ್ದವು. ಸ್ವಲ್ಪ ಅಲ್ಲ. ಸೊಸೆ ಬಡಿಸುವಾಗ, ನಾನು ಊಟ ಮಾಡುವಾಗ, ಇಷ್ಟು ದಿನ ಅವರು ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು ಎಂದು ಆಗ ಹೊಳೆಯಿತು.

"ಕೊಟ್ಬುಡಾನ" ಎಂದರು ಹೊರಗೆ ಬಂದ ಮೇಲೆ. "ನಡುಗೋ ಕೈಲಿ ಹಿಡ್ಕಂಡ್ರೆ ಮೋಡುಕ್ ಹೊಡ್ದುದ್ದು ಯಾರ್ಗಾರ ತಗುಲ್ತದೆ."

ಈಗ ನೋಡಿ ನನ್ನ ಗತಿ. ಅವರಿಗೆ ಬಂದೂಕು ಬೇಡ ಎಂದು ಒಂದು ಕಾಲದಲ್ಲಿ ಜಗಲಿಯಲ್ಲಿ ಭಾಷಣ ಮಾಡಿದ ನಾನೇ ನಾಲ್ಕು ದಿನ ಅವರಿಗೆ ಬಂದೂಕು ಇರಲೇಬೇಕೆಂದು ವಾದಿಸಿದೆ! ಮೇಲ್ಮನವಿ ಮಾಡೋಣ ಎಂದೆ. ಮೊಮ್ಮಗನ ಹೆಸರಿಗೆ ಮಾಡೋಣ ಎಂದೆ. ಅವನಿಗಿನ್ನೂ ಏಳು ವರ್ಷ ಎಂದು ಹೆಂಡತಿ ನೆನಪಿಸಿದಳು. ಬಾಮೈದ ಹೊಲದ ಸುತ್ತ ಸೋಲಾರ್ ಬೇಲಿ ಹಾಕಿಸಿದ. ಅತ್ತೆಯವರು ಬಂದೂಕನ್ನು ಸೀರೆಯಲ್ಲಿ ಸುತ್ತಿದರು.

ಠಾಣೆಯಲ್ಲಿ ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ದಪ್ಪ ರಿಜಿಸ್ಟರು ತೆರೆದು ಕೂತಿದ್ದರು. ಬಂದೂಕನ್ನು ಮೇಜಿನ ಮೇಲೆ ಮಲಗಿಸಿ, ಕನ್ನಡಕ ಏರಿಸಿಕೊಂಡು ತಾವೇ ಹೇಳಿಕೊಳ್ಳುತ್ತಾ ಬರೆಯತೊಡಗಿದರು. "ಒಂಟಿ ನಳಿಗೆ, ಒಂದು. ತುಕ್ಕು ಇಲ್ಲ. ಗುಂಡು ಹಾರ್ಸೋ ಕುದುರೆ ಸರಿಯಾಗೈತೆ." ಬಂದೂಕನ್ನು ಹೊರಳಿಸಿ ನೋಡಿದರು. "ಹಿಡಿ ಮರ ಎಡಗಡೆ ಸವೆದು ಗುಳಿ ಬಿದ್ದದೆ. ಹಾನಿಯಾಗಿದೆ ಅಂತ ಬರ್ಕತೀನಿ ವಕೀಲ್ರೇ."

ನಾನು ಆಗಲಿ ಎಂದೆ.

"ಹಾನಿ ಅಲ್ಲ ಕಣಪ್ಪ ಅದು." ಅತ್ತೆಯವರು ನನ್ನ ಪಕ್ಕದಿಂದ ಮುಂದೆ ಬಂದಿದ್ದರು. "ಅವ್ರು ಕೆನ್ನೆ ಆನ್ಸಿ ಆನ್ಸಿ ಹಂಗಾಗಿರಾದು. ಮೂವತ್ ವರ್ಸ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ನಿಲ್ಲಿಸಿದರು. ಅತ್ತೆಯವರು ಆ ನಡುಗುವ ಬೆರಳುಗಳಿಂದ ಗುಳಿಯನ್ನು ಒಂದು ಸಲ ಸವರಿದರು. "ಮೋಡುಕ್ ಹೊಡ್ಯಾಕೆ ಗುರಿ ಯಾಕೆ ಬೇಕು? ಆದ್ರೂ ಹೊಡ್ಯೋವಾಗೆಲ್ಲ ಇಲ್ಲಿ ಒಸಿ ಕೆನ್ನೆ ಮಡಗ್ತಿದ್ದೆ." ಹೇಳಿ, ಯಾರ ಕಡೆಯೂ ನೋಡದೆ, ಮೇಜಿನ ಮೇಲೆ ಬಾಗಿ ತಮ್ಮ ಕೆನ್ನೆಯನ್ನು ಅಲ್ಲಿಗೆ ಆನಿಸಿದರು. ಠಾಣೆಯಲ್ಲಿ ನಾಲ್ಕಾರು ಜನ ಇದ್ದರು. ಎಲ್ಲರೂ ಬಾಗಿಲ ಕಡೆ ಮುಖ ತಿರುಗಿಸಿದರು. ನಾನು ಐದು ಪುಟ ತುಂಬ ಕಾರಣಗಳನ್ನು ಬರೆದಿದ್ದೆ. ಈ ಕಾರಣ ನನಗೆ ಗೊತ್ತೇ ಇರಲಿಲ್ಲ.

"ನಿಧಾನವಾಗ್ಲಿ ಅಮ್ಮ" ಎಂದರು ಹೆಡ್ ಕಾನ್‌ಸ್ಟೇಬಲ್. "ನಂಗೇನ್ ಅವಸ್ರ ಇಲ್ಲ."

ಅತ್ತೆಯವರು ಎದ್ದು ಸೆರಗಿನಿಂದ ಮುಖ ಒರೆಸಿಕೊಂಡ ಮೇಲೆ ಅವರು ರಿಜಿಸ್ಟರನ್ನು ಹತ್ತಿರಕ್ಕೆ ಎಳೆದುಕೊಂಡರು. ಅರ್ಧ ಬರೆದಿದ್ದ ಒಂದು ಮಾತನ್ನು ಗೆರೆ ಹಾಕಿ ಹೊಡೆದರು. ಅದರ ಮುಂದೆ ದುಂಡಗೆ, ಒಂದೊಂದೇ ಅಕ್ಷರ, ಬರೆದರು: "ಸುಸ್ಥಿತಿಯಲ್ಲಿದೆ."